ಹೈಡ್ರ ತಾಯಮ್ಮ

ಚಿಕ್ಕತಾಯಮ್ಮನವರ ಕೊರಳಲ್ಲಿ ಕರಿಮಣಿಯ ಜೊತೆಗೆ ಇನ್ನೊಂದು ವಸ್ತು ಸದಾ ತೂಗುತ್ತಿತ್ತು: ಕಪ್ಪು ದಾರಕ್ಕೆ ಕಟ್ಟಿದ ಭೂತಗನ್ನಡಿ. ನಂಜನಗೂಡಿನ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಅವರು ಅಟೆಂಡರ್. ಓದಿದ್ದು ನಾಲ್ಕನೆಯ ಕ್ಲಾಸು. ಆದರೆ ನೀರಿನಲ್ಲಿ ಕದಲುವ ಯಾವುದೇ ಜೀವವಾಗಲಿ, ಲೆಕ್ಚರರು ಪುಸ್ತಕ ತಿರುವಿಹಾಕುವಷ್ಟರಲ್ಲಿ ಇವರು ಹೆಸರು ಹೇಳಿ ಬಕೆಟ್ಟು ತೊಳೆಯಲು ಹೋಗಿರುತ್ತಿದ್ದರು.

ಪ್ರಾಕ್ಟಿಕಲ್‌ಗೆ ಜೀವಂತ ಹೈಡ್ರ ಬೇಕಿತ್ತು. ದಾರದ ಚೂರಿನಂಥ ಮೈ, ತುದಿಯಲ್ಲಿ ಕೂದಲೆಳೆಯಂಥ ಕೈಗಳು, ನೀರಿನ ಸೊಪ್ಪಿಗೆ ಅಂಟಿಕೊಂಡು ಬದುಕುವ ಪ್ರಾಣಿ. ಅದನ್ನು ಹುಡುಕಿ ತರುವುದು ತಾಯಮ್ಮನ ಕೆಲಸ. ಜಾಮಿನ ಬಾಟಲಿ ಹಿಡಿದು ತಿ. ನರಸೀಪುರದ ಬಸ್ಸು ಹತ್ತಿದರೆಂದರೆ, ನಾಲೆ, ಕೆರೆ, ಗದ್ದೆಯ ಅಂಚು ಎಲ್ಲ ಜಾಲಾಡಿ, ಮಂಡಿಯವರೆಗೆ ಕೆಸರು ಮಾಡಿಕೊಂಡು ಬರುತ್ತಿದ್ದರು. ಕೆಲವು ವರ್ಷ ಒಂದೂ ಸಿಗುತ್ತಿರಲಿಲ್ಲ. ಆಗ ಮುಖ ಗಂಟುಹಾಕಿಕೊಂಡು ಯಾರೊಂದಿಗೂ ಮಾತಿಲ್ಲ. ಹುಡುಗರು ಹೈಡ್ರ ತಾಯಮ್ಮ ಎಂದು ಹೆಸರಿಟ್ಟಿದ್ದು ಅವರಿಗೂ ಗೊತ್ತಿತ್ತು. ಒಳಗೊಳಗೇ ಹೆಮ್ಮೆಯೂ ಇತ್ತು.

ಒಂದು ಪ್ರಾಕ್ಟಿಕಲ್ ಕ್ಲಾಸಿನಲ್ಲಿ ನಾನು ಎಲ್ಲರಿಗಿಂತ ಮೊದಲು ಚಿತ್ರ ಮುಗಿಸಿ ಬೀಗುತ್ತ ಕೂತಿದ್ದೆ. ತಾಯಮ್ಮ ಹಿಂದೆ ಬಂದು ನಿಂತರು.

"ಎಷ್ಟ್ ಕೈ ಅವೆ ಕಣವ್ವ ನಿನ್ ಐಡ್ರಕ್ಕೆ?"

"ಆರು ತಾಯಮ್ಮ."

"ಅದ್ರೊಳಗೆ ನೋಡು," ಎಂದು ಮೈಕ್ರೋಸ್ಕೋಪ್ ತೋರಿಸಿದರು. ಐದೇ ಇದ್ದವು. ಆರನೆಯದನ್ನು ನಾನು ಪುಸ್ತಕದಿಂದ ತಂದು ಅಂಟಿಸಿದ್ದೆ.

"ಕಂಡದ್ನ ಬರಿ. ಅಂದ್ಕಂಡದ್ನ ಬರೀಬ್ಯಾಡ," ಎಂದು ಗಾಜು ಒರೆಸುತ್ತ ಮುಂದೆ ಹೋದರು.

ಈಗ ನಾನು ತಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಹಲಗೆಯ ಮೇಲೆ ಗೇಣುದ್ದದ ಹೈಡ್ರ ಬರೆಯದ ವರ್ಷವಿಲ್ಲ. ಎರಡು ವರ್ಷದ ಹಿಂದೆ ಎಂಟನೆಯ ಕ್ಲಾಸಿನಲ್ಲಿ ಗಾಜಿನ ತೊಟ್ಟಿ ಇಟ್ಟು ಫೈಟರ್ ಮೀನಿನ ಜೋಡಿ ಬಿಟ್ಟೆ. ತೊಟ್ಟಿ ಹಸಿರಾಗಿರಲೆಂದು ಸಂಗಮದ ದಡದಿಂದ ನಾನೇ ನೀರುಸೊಪ್ಪು ತಂದು ಹಾಕಿದೆ. ಮೊಟ್ಟೆಯೊಡೆದು ರೆಪ್ಪೆಗೂದಲಿನಷ್ಟು ಮರಿಗಳು ನೂರಾರು ಈಜತೊಡಗಿದವು. ದೊಡ್ಡ ಮೀನುಗಳನ್ನು ಬೇರೆ ಮಾಡಿದೆವು. ರಶ್ಮಿ ಎಂಬ ಹುಡುಗಿಗೆ ಮರಿಗಳ ಮೇಲೆ ಪ್ರಾಣ. ಊಟದ ಬಿಡುವಿನಲ್ಲೂ ತೊಟ್ಟಿಯ ಮುಂದೆಯೇ ಇರುತ್ತಿದ್ದಳು.

ದಿನದಿನಕ್ಕೆ ಮರಿಗಳು ಕಡಿಮೆಯಾದವು. ಸತ್ತದ್ದು ಒಂದೂ ಕಾಣಲಿಲ್ಲ. "ರಶ್ಮಿ ಬಾಟ್ಲೀಲಿ ತುಂಬ್ಕಂಡು ಮನೆಗ್ ತಗೊಂಡೋಯ್ತಾಳೆ ಮಿಸ್," ಎಂದು ಕ್ಲಾಸು ಪಿಸುಗುಟ್ಟಿತು. ಅಷ್ಟು ಓದಿಕೊಂಡ ನಾನು ಒಂದು ಸಂಜೆ ಎಲ್ಲರ ಮುಂದೆ ಅವಳ ನೀಲಿ ಬಾಟಲಿ ತೆಗೆಸಿ ನೋಡಿದೆ. ಬರೀ ನೀರು. ಮರುದಿನದಿಂದ ಅವಳು ಶಾಲೆಗೇ ಬರಲಿಲ್ಲ. ಇಂದಿಗೂ ನೆನೆದರೆ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ.

ಅದೇ ವಾರ ಗಾಜಿನ ಮೇಲೆ ಬಿಳಿ ಎಳೆಗಳು ಕಂಡವು. ಪಾಚಿಯೋ ಬೂಷ್ಟೋ ಇರಬೇಕೆಂದು ಬ್ಲೇಡಿನಿಂದ ಕೆರೆದೆ. ಕಡಿಮೆಯಾಗುವ ಬದಲು ಇಮ್ಮಡಿಯಾದವು. ದಿಕ್ಕು ತೋಚದೆ ತಾಯಮ್ಮನಿಗೆ ಫೋನ್ ಮಾಡಿದೆ. ನಿವೃತ್ತರಾಗಿ ನಂಜನಗೂಡಿನಲ್ಲೇ ಇದ್ದರು. ಮರುದಿನ ಬೆಳಗಿನ ಬಸ್ಸಿಗೇ ಬಂದಿಳಿದರು, ಕೊರಳಲ್ಲಿ ಅದೇ ಭೂತಗನ್ನಡಿ.

ಗಾಜನ್ನು ಒಮ್ಮೆ ಬೆರಳಿನಿಂದ ತಟ್ಟಿದರು. ಎಳೆಗಳೆಲ್ಲ ಮುದುಡಿ ಚುಕ್ಕೆಗಳಾದವು. ತಾಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಪಾಚಿ ಎಲ್ಲಾರ ಮುದುರ್ಕತದಾ ಮೇಡಮ್ಮೋರೇ? ಐಡ್ರ ಕಣವ್ವ ಇದು! ಉಡುಕ್ದಾಗ ಸಿಕ್ದೆ ಸತಾಯ್ಸಿ, ಈಗ ಬ್ಯಾಡ ಅಂದ್ರೂ ಬಂದು ಕುಂತವೆ. ಸೊಪ್ಪು ಎಲ್ಲಿಂದ ತಂದೆ? ಸಂಗಮದಿಂದ್ಲಾ? ಕಳ್ಳನ್ನ ಕರ್ಕಬಂದೋಳು ನೀನೇ ಬುಡು. ಕೆರ್ದಿದ್ದೂ ಆಯ್ತಾ? ತುಂಡ್ ಬಿದ್ದಷ್ಟೂ ಹೊಸಾ ಐಡ್ರ ಆಯ್ತವೆ!"

ಭೂತಗನ್ನಡಿಯಲ್ಲಿ ನೋಡಿದೆ. ಒಂದರ ಕೈಗಳಲ್ಲಿ ನಮ್ಮ ಮರಿಯೊಂದು ಸಿಕ್ಕಿಕೊಂಡು ಅರ್ಧ ಒಳಗೆ ಹೋಗಿತ್ತು. ರಶ್ಮಿಯ ವಿಷಯ ಹೇಳಿದೆ. ತಾಯಮ್ಮನ ನಗು ನಿಂತಿತು.

"ಅವ್ಳು ತಗ್ದಿದ್ದ ನೀನು ಕಂಡ್ಯಾ?"

"ಇಲ್ಲ."

"ಎಲ್ಲರ್ ಮುಂದೆ ಬಾಟ್ಲಿ ತಗ್ಸಿದೆ. ಎಲ್ಲರ್ ಮುಂದೇ ತಪ್ಪಾಯ್ತು ಅನ್ನು. ಆಮೇಲ್ ನೋಡಣ ಐಡ್ರದ ಕಥೆ."

ಆ ಸಂಜೆ ಇಬ್ಬರೂ ರಶ್ಮಿಯ ಮನೆಗೆ ಹೋಗಿ ಕರೆದು ಬಂದೆವು. ಮರುದಿನ ಕ್ಲಾಸಿನ ಮುಂದೆ ನಿಂತು, "ರಶ್ಮಿ ಮರಿ ತೆಗೆದಿಲ್ಲ. ಕಣ್ಣಾರೆ ಕಾಣದೆ ಅನುಮಾನಪಟ್ಟೆ. ತಪ್ಪು ನನ್ನದು," ಎಂದೆ. ಅವಳು ತಲೆ ಎತ್ತಲಿಲ್ಲ. ತಾಯಮ್ಮ ಭೂತಗನ್ನಡಿ ಬಿಚ್ಚಿ ಅವಳ ಕೈಗಿಟ್ಟು, "ಮೊದ್ಲು ನೀನ್ ನೋಡವ್ವ. ಕಳ್ಳರು ಯಾರೂಂತ ನೀನೇ ಯೋಳು ಇವ್ರಿಗೆ," ಎಂದರು. ಬಹಳ ಹೊತ್ತು ನೋಡಿ ಅವಳು ಮೆಲ್ಲಗೆ, "ಇದು ಮರಿ ತಿಂತಾ ಅದೆ," ಎಂದಾಗ ಇಡೀ ಕ್ಲಾಸು ತೊಟ್ಟಿಯ ಮೇಲೆ ಬಿತ್ತು.

ತಾಯಮ್ಮ ನಾಲ್ಕು ದಿನ ನಮ್ಮ ಮನೆಯಲ್ಲೇ ಉಳಿದರು. ಬದುಕಿದ್ದ ಮರಿಗಳನ್ನು ಸೌಟಿನಲ್ಲಿ ಬೇಸಿನ್ನಿಗೆ ದಾಟಿಸುವಾಗ ಜೊತೆಗೆ ಹೈಡ್ರ ಬಂದಿಲ್ಲವೇ ಎಂದು ಪ್ರತಿ ಸೌಟನ್ನೂ ರಶ್ಮಿ ಪರೀಕ್ಷಿಸಬೇಕಿತ್ತು. ಮೈಲುತುತ್ತ ಹಾಕಿಬಿಡೋಣವೆಂದ ಪ್ಯೂನಿಗೆ, "ಮೀನು, ಬಸವನಹುಳ ಎಲ್ಲಾ ಸತ್ತೋದ್ಮೇಲೆ ಬರೀ ನೀರ್‍ಗೆ ಪೂಜೆ ಮಾಡ್ಕಂಡ್ ಕುಂತ್ಕೊ," ಎಂದು ಗದರಿದರು. ಸಂಗಮದ ಸೊಪ್ಪನ್ನೆಲ್ಲ ಎತ್ತಿ ಬಿಸಿಲಿಗೆ ಒಣಹಾಕಿದರು. ತೊಟ್ಟಿಗೆ ಊಟ ಹಾಕುವುದು ನಿಂತಿತು. ನಾವು ದಿನವೂ ಸುರಿಯುತ್ತಿದ್ದ ಮೊಟ್ಟೆಯ ಹಳದಿಯಿಂದ ನೀರಿನಲ್ಲಿ ಕಣ್ಣಿಗೆ ಕಾಣದ ಹುಳು ಹೆಚ್ಚಿ, ಅವನ್ನು ತಿಂದೇ ಹೈಡ್ರ ಕೊಬ್ಬಿದ್ದವಂತೆ. ಮೂರು ಬದಿಗೆ ಕಪ್ಪು ಬಟ್ಟೆ ಸುತ್ತಿ ಕಿಟಕಿಯ ಕಡೆಯ ಗಾಜನ್ನಷ್ಟೇ ತೆರೆದಿಟ್ಟರು. ಬೆಳಕಿನಾಸೆಗೆ ಅವು ಒಂದೊಂದಾಗಿ ಆ ಗಾಜಿಗೆ ಬಂದು ಸೇರಿದವು. ಇಂಕ್ ಫಿಲ್ಲರಿನಿಂದ ಇಡಿಯಾಗಿ ಹೀರಿ ಜಾಮಿನ ಬಾಟಲಿಗೆ ತುಂಬಿಕೊಂಡರು, ಒಂದನ್ನೂ ಕೊಲ್ಲಲಿಲ್ಲ. ಅಳಿದುಳಿದದ್ದನ್ನು ತಿನ್ನಲು ಗೌರಾಮಿ ಮೀನೊಂದನ್ನು ಬಿಡಿಸಿ, ಮರಿಗಳನ್ನು ವಾಪಸು ಬಿಡುವ ಮುನ್ನ ಅದನ್ನು ತೆಗೆಯಬೇಕೆಂದು ಮೂರು ಸಲ ಹೇಳಿದರು. ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಾಗ ಅವರ ಮುಖದಲ್ಲಿ ತವರಿಂದ ಬಾಗಿನ ಹೊತ್ತವಳ ಸಂಭ್ರಮವಿತ್ತು. ಹೈಡ್ರ ಹೋದದ್ದು ಅವರ ಹಳೆಯ ಲ್ಯಾಬಿಗೆ. ಕೆಲವನ್ನು ರಶ್ಮಿ ಕ್ಲಾಸಿನ ಕಿಟಕಿಯಲ್ಲಿ ಬೇರೆ ಸೀಸೆಯಲ್ಲಿಟ್ಟು ಸಾಕಿಕೊಂಡಳು.

ಕೊನೆಯ ಸಲ ನಾವು ನಂಜನಗೂಡಿಗೆ ಹೋದಾಗ ತಾಯಮ್ಮನ ಕಣ್ಣು ಮಂಜಾಗಿತ್ತು. ರಶ್ಮಿ ಒಯ್ದಿದ್ದ ಸೀಸೆಯನ್ನು ಬೆಳಕಿಗೆ ಹಿಡಿಸಿ, "ಎಷ್ಟ್ ಕೈ ಅವ್ವ?" ಎಂದರು.

"ಐದು ಅಜ್ಜಿ. ತಡೀರಿ... ಆರು. ಒಂದ್ನ ಮಡಚ್ಕಂಡಿತ್ತು."

"ತಡೀರಿ ಅಂದ್ಯಲ್ಲ, ಅಷ್ಟು ಸಾಕು ಬುಡು," ಎಂದು ಅವಳ ತಲೆ ಸವರಿದರು.

ಈ ವರ್ಷ ಅವರಿಲ್ಲ. ಭೂತಗನ್ನಡಿಯನ್ನು ಸೊಸೆ ದೇವರ ಗೂಡಿನಲ್ಲಿ ಇಟ್ಟಿದ್ದಾಳೆ, ತಾಯಮ್ಮ ಕಂಡಿದ್ದರೆ ಬೈಯುತ್ತಿದ್ದರು. ಪ್ರಾಕ್ಟಿಕಲ್ ಹತ್ತಿರ ಬಂದಾಗ ಕಾಲೇಜಿನಿಂದ ನನಗೆ ಫೋನ್ ಬಂತು, ನಿವೃತ್ತರಾದ ಮೇಲೂ ತಾಯಮ್ಮನೇ ತಂದುಕೊಡುತ್ತಿದ್ದ ಹೈಡ್ರ ಇನ್ನು ಯಾರು ತರುತ್ತಾರೆ ಎಂದು. ನಾವು ತರುತ್ತೇವೆ ಎಂದೆ. ಹೊರಡುವ ದಿನ ಬಸ್‌ಸ್ಟ್ಯಾಂಡಿನಲ್ಲಿ ರಶ್ಮಿ ನನಗಿಂತ ಮೊದಲೇ ಬಂದು ನಿಂತಿದ್ದಳು. ಕೈಯಲ್ಲಿ ಅದೇ ನೀಲಿ ಬಾಟಲಿ.

"ಮಿಸ್, ತೆಗ್ದು ನೋಡ್ತೀರಾ?" ಎಂದು ನಕ್ಕಳು.

ಮುಚ್ಚಳ ತೆಗೆದು ನೋಡಿದೆ. ಹನ್ನೊಂದು ಇದ್ದವು.