ಅಜಿತಕುಮಾರನ ಉಡಿಗೆ ಬಿದ್ದ ಹಣ್ಣು

ನಮ್ಮ ದೇಸೂರಿನ ಅಜಿತಕುಮಾರನಂಥ ಹಟಮಾರಿಯನ್ನು ನಾನು ಕಂಡಿಲ್ಲ. ಮೋಸಂಬಿ ಹೂವಿಗೆ ನಿಂಬೆ ಹೂವಿನ ಪರಾಗ ಸವರಿ, ಸೊಳ್ಳೆಪರದೆಯ ಚೂರು ಕಟ್ಟಿ, ಬಂದ ಹಣ್ಣಿನ ಬೀಜದಿಂದ ಒಂದು ಗಿಡ ಎಬ್ಬಿಸಿದ. ನಿಂಬೆಯ ಘಮ, ಮೋಸಂಬಿಯ ಸಿಹಿ ಎರಡೂ ಒಂದೇ ಹಣ್ಣಿನಲ್ಲಿ ಬೇಕಂತೆ ಈ ಮಹಾಶಯನಿಗೆ! ಗಿಡ ವರ್ಷಗಟ್ಟಲೆ ಮುಳ್ಳು ಬಿಟ್ಟಿತೇ ಹೊರತು ಹೂ ಬಿಡಲಿಲ್ಲ. ಬಟ್ಟೆ ಒಣಹಾಕುವ ಹಗ್ಗದ ಪಕ್ಕದಲ್ಲೇ ಬೆಳೆದದ್ದರಿಂದ ಹೆಂಡತಿ ಹೀರಾಬಾಯಿಯ ಒಂದು ಸೀರೆಯೂ ಹರಿಯದೆ ಉಳಿದಿರಲಿಲ್ಲ.

ಈ ವರ್ಷ ಒಂದೇ ಒಂದು ಹಣ್ಣು ಬಿಟ್ಟಿತು. ಹೀರಾಬಾಯಿ ಕಡ್ಡಿ ಮುರಿದಂತೆ ಹೇಳಿದಳು: "ಹಣ್ಣ ಸಿಹಿ ಇದ್ರ ಗಿಡ ಇರಲಿ. ಹುಳಿ ಇದ್ರ ಅವತ್ತ ಕೊಡ್ಲಿ ಹಾಕೂದು ನೋಡ್ರಿ."

ಅಜಿತಕುಮಾರ ಒಪ್ಪಿದ. ಹಣ್ಣನ್ನು ಕೊಯ್ದು ದೇವರ ಮುಂದಿಟ್ಟು, ಹೆಚ್ಚಲು ಒಳ್ಳೆಯ ಗಳಿಗೆ ಕೇಳಲು ಬಸದಿಯ ಪಂಡಿತರ ಬಳಿ ಹೋದ. ಹಣ್ಣು ಹೆಚ್ಚಲು ಮುಹೂರ್ತ ಕೇಳಿದವನನ್ನು ನೀವೆಲ್ಲಾದರೂ ಕಂಡಿದ್ದೀರಾ?

ಅವನು ಆಚೆ ಹೋದದ್ದೇ ತಡ, ಹೀರಾಬಾಯಿಯ ಗೆಳತಿ, ಶಿವಬಸವ ನಗರದ ಸತ್ಯವ್ವ ಬಂದಳು. ಮುತ್ತೈದೆಯನ್ನು ಉಡಿ ತುಂಬದೆ ಕಳಿಸುವುದುಂಟೇ? ಸೆರಗಿಗೆ ಅಕ್ಕಿ, ಅಡಿಕೆ, ರವಿಕೆಯ ಖಣ ಎಲ್ಲ ಹಾಕಿದ್ದಾಯಿತು. ಹಣ್ಣಿಗೆ ಕೈ ಚಾಚಿದರೆ ದೇವರ ಮುಂದೆ ಅದೊಂದೇ. ರೂಢಿಯ ಕೈ ಅಲ್ಲವೇ, ಯೋಚನೆ ಮಾಡದೆ ಅದನ್ನೂ ಹಾಕಿಬಿಟ್ಟಿತು.

ಉಡಿಗೆ ಹಾಕಿದ್ದನ್ನು ಮರಳಿ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಬಸದಿಯಿಂದ ಮರಳಿದ ಅಜಿತಕುಮಾರ ಎದೆ ಬಡಿದುಕೊಳ್ಳುವುದನ್ನು ನೋಡಲಾರದೆ ಬಾಜು ಮನೆಯ ನಾನೇ ಗಾಡಿ ತೆಗೆದೆ. ಸತ್ಯವ್ವನ ಮನೆಗೆ ಹೋದರೆ, ಅವಳು ಆ ಹಣ್ಣನ್ನು ಶಹಾಪುರದ ಸಿದ್ದಕ್ಕನ ಉಡಿಗೆ ಹಾಕಿ ಬಂದಿದ್ದಳು. ಶಹಾಪುರಕ್ಕೆ ಹೋದರೆ, ಸಿದ್ದಕ್ಕ ಅದನ್ನು ಖಾನಾಪುರಕ್ಕೆ ಹೊರಟಿದ್ದ ಸೋದರತ್ತೆ ಸಾವಂತ್ರವ್ವನ ಉಡಿಗೆ ಸೇರಿಸಿದ್ದಳು. ಇವರಲ್ಲಿ ಒಬ್ಬರಿಗಾದರೂ ಹಣ್ಣು ತಿನ್ನಲು ಏನು ಧಾಡಿ ಎಂದು ನಾನು ರೇಗಿದೆ.

"ತಿಂದಿಲ್ಲಲ್ಲೋ, ಅದ ನನ್ನ ಪುಣ್ಯಾ!" ಎಂದ ಅಜಿತಕುಮಾರ.

ಖಾನಾಪುರದಲ್ಲಿ ಸಾವಂತ್ರವ್ವ ಹಣ್ಣನ್ನು ತೋರಿಸಿದಳು, ಕೊಡಲಿಲ್ಲ. "ಉಡಿಯಾಗಿನ ಹಣ್ಣ ಕೈಯಾಗ ಕೊಡಾಕ ಬರಂಗಿಲ್ಲ ತಮ್ಮಾ. ಉಡಿಗೇ ಹಾಕಬೇಕು. ಹೆಂಡ್ತಿನ್ನ ಕರ್ಕೊಂಡ ಬಾ."

"ಅಷ್ಟರಾಗ ನೀವ ತಿಂದ್ರ?"

"ತಿಂದೇನು. ನನ್ನ ಹಣ್ಣ ಐತಿ."

ಅಜಿತಕುಮಾರ ಹಿಂದೆಮುಂದೆ ನೋಡಲಿಲ್ಲ. ಮಣೆಯ ಮೇಲೆ ಕುಳಿತು ಹೆಗಲ ಟವೆಲ್ ಒಡ್ಡಿದ. "ಹಂಗಾರ ನನಗ ತುಂಬ್ರಿ ಅವ್ವಾರ."

ಬಿಳಿ ಮೀಸೆಯ ಗಂಡಸು! ಸಾವಂತ್ರವ್ವ ನಗದೆ ಕುಂಕುಮ ಹಚ್ಚಿ, ಅಕ್ಕಿ ಸುರಿದು, ಹಣ್ಣಿಟ್ಟು, "ಬಸರು ಬಾಣಂತನ ಸುಸೂತ್ರ ಆಗಲಿ" ಎಂದು ಹರಸಿದಳು. ಇವನು ಭಕ್ತಿಯಿಂದ ಕಾಲು ಮುಟ್ಟಿದ. ಬಾಗಿಲಲ್ಲಿ ನೆರೆದ ಮಂದಿ ಬಿದ್ದು ಬಿದ್ದು ನಕ್ಕರು. ನನಗಂತೂ ನಾಚಿಕೆಯಿಂದ ಮುಖ ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

ಮನೆಗೆ ಬಂದು ಹಣ್ಣು ಹೆಚ್ಚಿದೆವು. ಅವನು ಒಂದು ಹೋಳು ಬಾಯಿಗಿಟ್ಟ. ಕಣ್ಣಲ್ಲಿ ದಳದಳ ನೀರು. ನಾನೂ ತಿಂದೆ. ಅಬ್ಬಬ್ಬಾ, ಅಂಥ ಹುಳಿ ಹುಣಸೆಗೂ ಇಲ್ಲ! ಸಿಟ್ಟೆಲ್ಲ ಇಳಿದು ಅವನನ್ನು ಕಂಡು ಅಯ್ಯೋ ಅನಿಸಿತು.

ಹೀರಾಬಾಯಿ ತಾನೂ ಒಂದು ಹೋಳು ತಿಂದಳು. ಅವಳ ಮುಖ ಮುದುಡಿತು, ಒಂದು ಕಣ್ಣು ತಾನೇ ಮುಚ್ಚಿತು. ಗಂಡ ಉಸಿರು ಬಿಗಿಹಿಡಿದು ಅವಳನ್ನೇ ನೋಡುತ್ತಿದ್ದ. ಹಣೆಯ ಮೇಲೆ ಕುಂಕುಮ ಹಾಗೇ ಇತ್ತು. ಅವಳು ಬಾಯಲ್ಲಿದ್ದುದನ್ನು ಕಷ್ಟಪಟ್ಟು ನುಂಗಿದಳು.

"ಉಡಿ ಹಣ್ಣರೀ ಇದು, ಹುಳಿ ಅನಬಾರದು," ಎಂದಳು. "ಸಿಹಿ ಐತಿ."

ಮತ್ತೊಂದು ಹೋಳು ತೆಗೆದುಕೊಂಡಳು.