ಕೊಡಕ್ಕೆ ಕೂಡಿಸಿದ ಐದು ಸ್ವರ

ಹಳೆಯ ಚರ್ಮ ಮತ್ತು ಬಜೆಯ ವಾಸನೆ ಒಟ್ಟಿಗೆ ಮೂಗಿಗೆ ಬಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಗುಡಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಗುರುಪಾದ ಕಾಕಾನ ಕಾಲುಪೇಟಿ ಇತ್ತು. ಕಾಲಿನಿಂದ ತಿದಿ ಒತ್ತಿ ನುಡಿಸುವ ದೊಡ್ಡ ಹಾರ್ಮೋನಿಯಂ ಅದು. ಜಿರಲೆ ತಿದಿಯ ಚರ್ಮ ಕಡಿಯಬಾರದೆಂದು ಒಳಗೆ ಬಜೆಯ ತುಂಡು ಹಾಕಿಡುತ್ತಿದ್ದ. ಮಧ್ಯಾಹ್ನ ಉಂಡಾದ ಮೇಲೆ ಮುಚ್ಚಳ ತೆರೆದನೆಂದರೆ ಆ ಘಾಟು ಅಡುಗೆಮನೆಯ ತನಕ ಹೋಗುತ್ತಿತ್ತು. ಗಾಳಿಯ ಕೆಲಸ ಕಾಲಿನದಾದ್ದರಿಂದ ಕೈ ಎರಡೂ ಬಿಡುವು. ಎಡಗೈ ಎರೆಹೊಲದಲ್ಲಿ ಎತ್ತು ನಡೆದ ಹಾಗೆ ಭಾರವಾಗಿ ನಡೆಯುತ್ತಿತ್ತು. ಬಲಗೈ ಕುಸುಬೆ ಕಂಡ ಗುಬ್ಬಿ ಹಿಂಡು.

ನಾಟಕ ಕಂಪನಿಗಳಲ್ಲಿ ಕಾಕಾ ಪೇಟಿ ಮಾಸ್ತರ. ನಟಿ ಸ್ವರ ತಪ್ಪಿದರೆ ಮುಚ್ಚಿಹಾಕುವವನು ಇವನು, ಒನ್ಸ್ ಮೋರ್ ಸಿಗುವುದು ಆಕೆಗೆ. ಒಂದು ಕರಪತ್ರದಲ್ಲಾಗಲಿ ಭಿತ್ತಿಪತ್ರದಲ್ಲಾಗಲಿ ಇವನ ಹೆಸರು ಹಾಕಿದ್ದನ್ನು ನಾನು ಕಂಡಿಲ್ಲ. ಆದರೆ ಅವನು ತಾನೇ ಕಟ್ಟಿದ ಹದಿನೆಂಟು ರಚನೆಗಳಿದ್ದವು, ಒಂದಕ್ಕೂ ಹಾಡಿಲ್ಲ, ಬರೀ ಪೇಟಿ. ಉದ್ದನೆಯ ವಹಿಯಲ್ಲಿ ಸರಿಗಮ ಬರೆದು ಮೇಲೆ ಹೆಸರು ಕೊಟ್ಟಿದ್ದ: ‘ಹತ್ತಿ ಬಿಡಿಸುವುದು’, ‘ಗೂಡ್ಸ್ ಗಾಡಿ ನಿಂತಿದೆ’, ‘ಆಯಿಯ ಬೈಗುಳ’. ಕಟ್ಟೆಗೆ ಬಂದು ಕೂಡುತ್ತಿದ್ದ ಬಾಜು ಮನೆಯ ಬಸಣ್ಣ ಚೇಷ್ಟೆ ಮಾಡುತ್ತಿದ್ದ: “ಹಾಡಿಲ್ಲದ ಪೇಟಿ ಅಂದ್ರ ಮದುಮಗಳಿಲ್ಲದ ಮದವಿ ಇದ್ದಂಗಲೇ, ಗುರುಪಾದಾ.” ಕಾಕಾ ಬೆರಳು ನಿಲ್ಲಿಸದೆ ಹೇಳುತ್ತಿದ್ದ: “ಹೌದಲೇ, ಊಟಾ ಅಷ್ಟ ಉಳದೈತಿ. ಸುಮ್ಮನ ಕುಂತ ಉಣ್ಣು.” ನಾವೆಲ್ಲ ನಗುತ್ತಿದ್ದೆವು. ಆ ನಗೆಯ ಮೇಲೂ ಈಗ ನನಗೆ ಸಿಟ್ಟಿದೆ. ಕಾಕಾ ತನ್ನ ರಚನೆ ನುಡಿಸಲು ಅವಕಾಶ ಕೇಳಿದಾಗ ಸಂಗೀತ ಸಭೆಯವರು ಕೂಡ ಅದನ್ನೇ ತಾನೆ ಅಂದದ್ದು? ಹಾಡುವವರಿದ್ದರೆ ಕರೆದುಕೊಂಡು ಬನ್ನಿ, ಬರೀ ಪೇಟಿ ಕೇಳಲು ಯಾರು ಕೂಡುತ್ತಾರೆ ಎಂದು.

ಪ್ರತಿ ವರ್ಷ ಮಹಾನವಮಿಗೆ ಮೊದಲು ಕಾಕಾ ಪೇಟಿ ಬಿಚ್ಚುತ್ತಿದ್ದ. ನಮ್ಮ ಆಯಿ, ಅಂದರೆ ಅವನ ತಾಯಿ, ನೀರು ತರುವ ತಾಮ್ರದ ಕೊಡವನ್ನು ಬರಿದು ಮಾಡಿಸಿ, ಹಗ್ಗ ಕಟ್ಟಿ ತೊಲೆಗೆ ತೂಗುಹಾಕಿ, ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದ. ಅದು ಕೊಟ್ಟ ನಾದಕ್ಕೆ ಪೇಟಿಯ ಗಾಂಧಾರ ಸೇರುವ ತನಕ ಗಾಳಿಗೆ ನುಡಿಯುವ ಹಿತ್ತಾಳೆಯ ಸ್ವರಪಟ್ಟಿಯನ್ನು ಸಣ್ಣ ಅರದಿಂದ ಕೂದಲೆಳೆಯಷ್ಟು ಕೆರೆಯುತ್ತಿದ್ದ. ಆ ಗಾಂಧಾರ ಹಿಡಿದು ಇನ್ನೂ ನಾಲ್ಕು ಸ್ವರ ಕೂಡಿಸುತ್ತಿದ್ದ, ಬರೀ ಕಿವಿಯ ಮೇಲೆ. “ನೀರ ತರೂ ಕೊಡಕ್ಕ ಸಂಗೀತ ಕಲಸಾಕ ನಿಂತಾನ ನೋಡ್ರಿ, ಹುಚ್ಚ!” ಎಂದು ಆಯಿ ಒದರುತ್ತಿದ್ದಳು. “ನಾ ಕಲಸೂದಲ್ಲಬೇ ಯವ್ವಾ, ಅದ ನನಗ ಕಲಸಾಕತ್ತೈತಿ.” ಕೊಡ ತಿರುಗದಂತೆ ಹಗ್ಗ ಹಿಡಿಯುವ ಕೆಲಸ ನನ್ನದು. ನನಗೆ ಅದೊಂದು ಆಟವಾಗಿತ್ತು, ಅಷ್ಟೇ.

ಆಯಿ ಹೋದಳು, ಕಾಕಾ ಹೋದ, ಮನೆ ಪಾಲಾಯಿತು. ಪೇಟಿ ಒಬ್ಬ ಬೀಗರ ಅಟ್ಟದ ಮೇಲೆ ಹತ್ತಿಯ ಅಂಡಿಗೆಗಳ ಕೆಳಗೆ ಬಿದ್ದಿತ್ತು. ಅಣ್ಣಿಗೇರಿಯಲ್ಲಿ ಕಡಲೆ, ಮೆಣಸಿನಕಾಯಿ ವ್ಯಾಪಾರ ಮಾಡಿ ನನ್ನ ಕಾಲ ಮೇಲೆ ನಿಂತವನು ನಾನು. ವಾದ ಮಾಡಿ ಪೇಟಿಯನ್ನೂ ವಹಿಯನ್ನೂ ತಂದೆ. ಹುಬ್ಬಳ್ಳಿಯಲ್ಲಿ ಪೇಟಿ ರಿಪೇರಿ ಮಾಡುವ ದಾವಲಸಾಬ ಚಾಚಾನಿಗೆ ಕೊಟ್ಟೆ. ಎಲ್ಲ ಸ್ವರ ಸರಿ ಮಾಡಬೇಕೆಂದು ಹಟ ಹಿಡಿದು ಒಪ್ಪಿಸಿದ್ದೆ. ನಾಲ್ಕು ದಿನಕ್ಕೆ ಅವನ ಫೋನು: “ಸಾವ್ಕಾರ್ರ, ಐದು ಸ್ವರ ಬ್ಯಾರೆನ ಅದಾವ್ರಿ. ಕೆಟ್ಟಿಲ್ಲ, ಯಾರೋ ಬೇಕಂತ ಹಂಗ ಕೂಡಿಸ್ಯಾರ. ಹಂಗ ಬಿಡ್ಲೇನ್ರಿ?”

ನಾನು ಏನೆಂದೆ ಗೊತ್ತೆ? “ಮಾತಾಗಿದ್ದು ಎಲ್ಲಾ ಸ್ವರಕ್ಕ, ಚಾಚಾ. ಐದು ಬಿಟ್ಟು ಪಾರಾಗಬ್ಯಾಡ. ಹೊಸಾ ಪಟ್ಟಿ ಹಾಕು.” ಕೆಲಸ ತಪ್ಪಿಸಿಕೊಳ್ಳಲು ನೆವ ಹೇಳುತ್ತಿದ್ದಾನೆ ಎಂದುಕೊಂಡೆ. ವ್ಯಾಪಾರದಲ್ಲಿ ಮೋಸಹೋಗಿಲ್ಲ ಎಂದು ಅವತ್ತು ಚಹಾ ಕುಡಿಯುತ್ತ ಹಿಗ್ಗಿದೆ ಕೂಡ.

ಧಾರವಾಡದಲ್ಲಿ ಪೇಟಿ ಕಲಿತ ನನ್ನ ತಂಗಿಯ ಮಗಳು ಶಿವಲೀಲಾ ಮೊನ್ನೆ ಬಂದು ವಹಿ ಮುಂದಿಟ್ಟುಕೊಂಡು ‘ಆಯಿಯ ಬೈಗುಳ’ ನುಡಿಸಿದಳು. ಬೆರಳು ಎಲ್ಲಿಯೂ ತಪ್ಪಲಿಲ್ಲ. ಆದರೆ ಆಯಿ ಬೈಯಲಿಲ್ಲ. ಯಾರೋ ಪರವೂರಿನವರು ಮರ್ಯಾದೆಯಿಂದ ಮಾತಾಡಿಸಿದಂತಿತ್ತು. ಹಾಳೆ ತಿರುವುತ್ತ ಕೊನೆಗೆ ಬಂದ ಹುಡುಗಿ ಕೇಳಿದಳು: “ಮಾಮಾ, ‘ಕೊಡಕ್ಕೆ ಕೂಡಿಸಿದ ಮೇಲೆಯೇ ಬಾರಿಸತಕ್ಕದ್ದು’ ಅಂತ ಬರದಾರ. ಯಾವ ಕೊಡಾ?”

ನನ್ನ ಕೈಯಲ್ಲಿ ಆ ಹಗ್ಗದ ನಾರು ಚುಚ್ಚಿದಂತಾಯಿತು. ಚಾಚಾನಿಗೆ ಫೋನು ಹಚ್ಚಿ, ಕೊಡದ ಸಂಗತಿ ಎಲ್ಲ ಹೇಳಿ, ಅದು ಇನ್ನೂ ನಮ್ಮ ಅಟ್ಟದ ಮೇಲಿದೆ, ಮತ್ತೆ ಅದಕ್ಕೆ ಕೂಡಿಸು ಎಂದೆ. ಹಳೆಯ ಪಟ್ಟಿಗಳು ಆಗಲೇ ಗುಜರಿಗೆ ಹೋಗಿದ್ದವು. “ಕೊಡದಿಂದ ಗಾಂಧಾರ ಒಂದ ಸಿಗತೈತ್ರಿ,” ಎಂದ. “ಉಳಿದ ನಾಕು ಅವರ ಕಿವ್ಯಾಗ ಇದ್ದೂವು. ಆ ಕಿವಿ ಎಲ್ಲಿಂದ ತರ್ಲಿ?”

ನೀವೂ ಒಂದು ಮಾತು ಗಂಟು ಹಾಕಿಟ್ಟುಕೊಳ್ಳಿ: ಹಳೆಯದನ್ನು ರಿಪೇರಿಗೆ ಕೊಡುವ ಮೊದಲು ಅದು ಕೆಟ್ಟಿದೆಯೋ, ಇರುವುದೇ ಹಾಗೋ, ವಿಚಾರಿಸಿ. ಸಭೆಯವರು ಕಾಕಾನ ಪೇಟಿಯನ್ನು ಕೇಳಲಿಲ್ಲ, ಅಷ್ಟೇ. ಅಳಿಸಿದವನು ನಾನು, ಮನೆಯವನು, ಹಗ್ಗ ಹಿಡಿದವನು.

ಕೊಡವನ್ನು ಅಟ್ಟದಿಂದ ಇಳಿಸಿ, ಬಾಗಿಲ ಮೇಲಿನ ಕೊಂಡಿಗೆ ಹಗ್ಗದಿಂದ ತೂಗುಹಾಕಿ, ಗೆಣ್ಣಿನಿಂದ ಬಡಿದೆ. ಅದೇ ನಾದ. ಶಿವಲೀಲಾ ಪೇಟಿಯ ಮೇಲೆ ಅದನ್ನು ಹುಡುಕಿದಳು. ಒಂದು ಸ್ವರದ ಮನೆ ಒತ್ತಿದಳು, ಬಾಜುವಿನದನ್ನು ಒತ್ತಿದಳು, ಮತ್ತೆ ಮೊದಲಿನದಕ್ಕೆ ಬಂದಳು.

“ಇದು ಇದರಾಗ ಇಲ್ಲ, ಮಾಮಾ,” ಎಂದು ತಿದಿಯಿಂದ ಕಾಲು ತೆಗೆದಳು.

ಕೊಡ ಇನ್ನೂ ಸಣ್ಣಗೆ ಗುಂಯ್‌ಗುಡುತ್ತಿತ್ತು. ಅದು ತಾನಾಗಿ ನಿಲ್ಲುವ ತನಕ ನಾನು ಹಗ್ಗ ಹಿಡಿದೇ ನಿಂತೆ.