ನಾನು ಓದಿದ ಕಲ್ಲು

ಆ ಕಲ್ಲಿನ ಮೇಲೆ ನಾನು ಓದಿ ಹೇಳಿದ ಹೆಸರು ಅಲ್ಲಿರಲೇ ಇಲ್ಲ. ಇದ್ದದ್ದು ಅಲ್ಲೊಂದು ಇಲ್ಲೊಂದು ಅಕ್ಷರ — ಉಳಿದದ್ದೆಲ್ಲ ನಾನೇ ತುಂಬಿದ್ದು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ, ನನ್ನ ಗಂಡನಿಗೂ.

ಆಗ ನಾನು ಇತಿಹಾಸದ ಎಂ.ಎ. ಕೊನೆಯ ವರ್ಷದಲ್ಲಿದ್ದೆ. ಒಬ್ಬೊಬ್ಬರೂ ಸ್ವತಂತ್ರವಾಗಿ ಸಂಶೋಧನೆ ಮಾಡಿ ಪ್ರಬಂಧ ಒಪ್ಪಿಸಬೇಕಿತ್ತು. ಗೆಳತಿಯರು ಬಾದಾಮಿ, ಮಹಾಕೂಟ ಅಂತ ಹಂಚಿಕೊಂಡರು. ನನಗೆ ಸೊಕ್ಕು — ಯಾರೂ ಮುಟ್ಟದ್ದೇ ಬೇಕು! ನವನಗರದಿಂದ ಬಸ್ಸು ಹತ್ತಿ, ಹುನಗುಂದದ ಆಚೆಯ ಹಳ್ಳಿಗಳಲ್ಲಿ ಕಲ್ಲು ಹುಡುಕುತ್ತ ಅಲೆದೆ. ಒಂದೂರಿನಲ್ಲಿ — ಹೆಸರು ಬರೆಯಲಾರೆ — ಬೇವಿನ ಮರದ ಕೆಳಗೆ ಎಣ್ಣೆ, ಕುಂಕುಮ ದಪ್ಪಗೆ ಮೆತ್ತಿಕೊಂಡ ಕಲ್ಲೊಂದು ಸಿಕ್ಕಿತು. ಊರಿನವರಿಗೆ ಅದು ಬೇವಿನಗಿಡದವ್ವ. ಅದನ್ನು ನೋಡಿಕೊಳ್ಳುತ್ತಿದ್ದವಳು ಗಂಗವ್ವ.

ಗಂಗವ್ವ ಇಳಕಲ್ಲಿನ ನೇಕಾರರ ಮಗಳು, ಈ ಊರಿನ ಸೊಸೆ. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದಿದ್ದ. ಮನೆಯಲ್ಲಿ ಅವಳ ಮಾತಿಗೆ ಕವಡೆ ಕಿಮ್ಮತ್ತಿರಲಿಲ್ಲ. ಆ ಮರದ ಕೆಳಗೆ ಮಾತ್ರ ಇತ್ತು. ಹೊಸ ಮದುಮಗಳು, ಬಸುರಿ, ಕೂಸು ನಿಲ್ಲದವಳು — ಎಲ್ಲರೂ ಗುಳೇದಗುಡ್ಡದ ಖಣ, ಅಕ್ಕಿ, ಕೊಬ್ಬರಿ ತಂದು ಅವ್ವನ ಉಡಿ ತುಂಬುತ್ತಿದ್ದರು. ಮುಂದೆ ನಿಂತು ತುಂಬಿಸುವವಳು ಗಂಗವ್ವ. "ನನಗ ಆಕಿ, ಆಕಿಗಿ ನಾ. ಬ್ಯಾರೆ ಯಾರದಾರವಾ?" ಎನ್ನುತ್ತಿದ್ದಳು.

ಕಲ್ಲು ತೊಳೆಯುತ್ತೇನೆ ಎಂದಾಗ ಬೇಡ ಎಂದಾಳು ಅಂದುಕೊಂಡಿದ್ದೆ. ಬದಲಿಗೆ, "ನಾನೂ ಅವ್ವನ ಮಾರಿ ನೋಡಿಲ್ಲ, ತೊಳಿ, ನೋಡೂಣು" ಎಂದು ಬಿಸಿನೀರು ಕಾಸಿ ತಂದಳು. ಇಬ್ಬರೂ ತೆಂಗಿನ ನಾರು ಹಿಡಿದು ತಿಕ್ಕಿದೆವು. ಎಣ್ಣೆಯ ಪದರು ಕಿತ್ತು ಬಂತು — ಮುಖವಿಲ್ಲ, ಕೈಯಿಲ್ಲ. ಬರೀ ಸವೆದ ಚಪ್ಪಟೆ ಕಲ್ಲು, ಬುಡದಲ್ಲಿ ಮುಕ್ಕಾಲು ಅಳಿಸಿಹೋದ ಅಕ್ಷರದ ಸಾಲು. ಒದ್ದೆ ಕಾಗದ ಹಚ್ಚಿ, ಮೇಲೆ ಮಸಿ ಬಡಿದು ಅದರ ಪಡಿಯಚ್ಚು ತೆಗೆದೆ. ಅಷ್ಟರಲ್ಲಿ ಊರ ಗಂಡಸರು ನೆರೆದಿದ್ದರು.

"ಏನ್ ಬರದೈತ್ರಿ ಮೇಡಮ್?"

ಮೇಡಮ್! ಅಲ್ಲಿಯವರೆಗೆ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಗೊತ್ತಾಗುತ್ತಿಲ್ಲ ಎನ್ನಲು ನಾಚಿಕೆ. ಇದು ವೀರಗಲ್ಲು ಎಂದೆ. ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಹೋರಾಡಿ ಸತ್ತ ಮಾರಯ್ಯನದು ಎಂದೆ. ಆ ಮಾರಯ್ಯ ಎಲ್ಲಿಂದ ಬಂದ? ಬೇರೆ ಯಾವುದೋ ಶಾಸನದಲ್ಲಿ ಓದಿದ್ದೆ, ನಾಲಿಗೆಗೆ ಬಂದ, ಅಷ್ಟೇ.

ಹುಡುಗರು ಸೀಟಿ ಹೊಡೆದರು. "ನಮ್ಮೂರಾಗ ಎಂಥಾ ಗಂಡಸ ಇದ್ದನಲೇ!" ಗಂಗವ್ವ ಕೈಯಲ್ಲಿ ನಾರು ಹಿಡಿದು ನಿಂತೇ ಇದ್ದಳು.

"ಖರೇನ ಏನವಾ?"

ನಾನು ಅವಳ ಕಡೆ ಪೂರ್ತಿ ತಿರುಗಲೂ ಇಲ್ಲ. "ಖರೆ" ಅಂದೆ.

"ಹಂಗಾರ — ಗಂಡಸಿಗಿ ಉಡಿ ಹ್ಯಾಂಗ ತುಂಬೂದು?"

ಯಾರೋ ಗೊಳ್ಳೆಂದು ನಕ್ಕರು. ನಾನೂ — ಹೌದು, ನಾನೂ ನಕ್ಕೆ.

ಮನೆಗೆ ಬಂದು ಪಡಿಯಚ್ಚನ್ನು ಬಿಸಿಲಿಗೆ ಹಿಡಿದಾಗಲೇ ತಿಳಿದಿತ್ತು, ನಾನು ಹೇಳಿದ್ದು ಅಲ್ಲಿಲ್ಲ ಎಂದು. ಮಾರ್ಗದರ್ಶಕರು "ಓದು ಖಚಿತ ಇದೆಯಲ್ಲ?" ಎಂದು ಕೇಳಿದರು. ಖಚಿತ ಎಂದೆ. ಪ್ರಬಂಧಕ್ಕೆ ಶಹಬ್ಬಾಸ್‌ಗಿರಿ ಸಿಕ್ಕಿತು, ಮುಂದೆ ಕಾಲೇಜಿನಲ್ಲಿ ಕೆಲಸವೂ. ಊರ ಹುಡುಗರು ಕಲ್ಲನ್ನು ಕಿತ್ತು ಬಸ್‌ಸ್ಟ್ಯಾಂಡಿನಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಿದರು. ಸುತ್ತ ಕಬ್ಬಿಣದ ಸರಳು, ಮೇಲೆ ಮಾರಯ್ಯನ ಹೆಸರಿನ ಹಲಗೆ. ಹೆಂಗಸರು ಬರುವುದು ನಿಂತಿತು. ಇದೆಲ್ಲ ಕಿವಿಗೆ ಬೀಳುತ್ತಿತ್ತು. ಬೀಳುತ್ತಿತ್ತು — ಆದರೂ ನಾನು ಬಾಯಿ ಬಿಡಲಿಲ್ಲ. ಮಕ್ಕಳಿಗೆ ಶಾಸನಶಾಸ್ತ್ರ ಪಾಠ ಮಾಡಿಕೊಂಡಿದ್ದೆ, ನಾಚಿಕೆಗೆಟ್ಟವಳು.

ಇಷ್ಟೆಲ್ಲ ವರ್ಷ ಕಳೆದ ಮೇಲೆ, ಈ ಬೇಸಿಗೆಯಲ್ಲಿ ಆ ಊರಿಗೆ ಹೋದೆ. ಗಂಗವ್ವ ಹಿತ್ತಲಿನ ತಗಡಿನ ಕೋಣೆಯಲ್ಲಿದ್ದಳು. ತುಂಬ ಸೊರಗಿದ್ದಳು. ನನ್ನ ಗುರುತು ಹಿಡಿದು, ಚಾಪೆ ಹಾಸಿ, ನೀರು ಕೊಟ್ಟಳು. ನೀರು ಕುಡಿಯುವ ಮೊದಲೇ ಹೇಳಿಬಿಟ್ಟೆ — ಅಂದು ಓದಿದ್ದು ಸುಳ್ಳು, ಮಾರಯ್ಯ ನಾನು ಕಟ್ಟಿದವನು, ನಿನ್ನೆದುರು ಖರೆ ಅಂದದ್ದೂ ಸುಳ್ಳು.

ಬೈಯುತ್ತಾಳೆ ಅಂದುಕೊಂಡೆ. ಅವಳು ಮೊಣಕಾಲೂರಿ ಹತ್ತಿರ ಸರಿದಳು. "ಹಂಗಾರ ಆ ಕಲ್ಲಿನ್ಯಾಗ ಅವ್ವನೇ ಅದಾಳಲ್ಲ? ಅವತ್ತ ಖರೆ ಅಂದ್ಯಲ್ಲ, ಹಂಗ ಒಂದ್ಸಲ ಅನು."

ಅಂದುಬಿಡಬಹುದಿತ್ತು. ಎಷ್ಟು ಸುಲಭ! ಆ ಮುದುಕಿಯ ಕಣ್ಣಲ್ಲಿ ಬಂದ ಕಳೆ ನೋಡಿ ಅಂದೇಬಿಡುತ್ತಿದ್ದೆ — ಆದರೆ ಮತ್ತೊಂದು ಸಲ ಅವಳೆದುರು ಇಲ್ಲದ್ದನ್ನು ಓದಲಾರದೆ ಹೋದೆ.

"ಗೊತ್ತಿಲ್ಲ ಗಂಗವ್ವಾ" ಎಂದೆ. "ಅದರ ಮ್ಯಾಲ ಏನೈತೋ ಯಾರಿಗೂ ಗೊತ್ತಾಗೂದಿಲ್ಲ."

ಅವಳು ಹಿಂದಕ್ಕೆ ಸರಿದು ಗೋಡೆಗೆ ಒರಗಿದಳು. ನಾನು ಅಳುತ್ತಲೇ ಏನೇನೋ ಹೇಳಿದೆ — ಊರ ಮಂದಿಯನ್ನು ಕೂಡಿಸಿ ಒಪ್ಪಿಕೊಳ್ಳುತ್ತೇನೆ, ಹಲಗೆ ತೆಗೆಸುತ್ತೇನೆ, ಕಲ್ಲನ್ನು ಮರದ ಕೆಳಗೇ ತಂದು ಇಡಿಸುತ್ತೇನೆ. ಅದನ್ನಂತೂ ಮಾಡುತ್ತೇನೆ, ಯಾರು ನಗಲಿ, ನೌಕರಿಗೇ ಕುತ್ತು ಬರಲಿ.

ಗಂಗವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು.

"ತರಸವಾ, ಬ್ಯಾಡನ್ನಂಗಿಲ್ಲ" ಎಂದಳು. "ಆದ್ರ ಈಗ ನಾ ಕಣ್ಣು ಮುಚ್ಚಿ ಕೈ ಮುಗದ್ರ, ಆಕಿ ಮಾರಿ ಮ್ಯಾಲ ಮೀಸಿ ಕಾಣತಾವು."